ಕಚೇರಿಯ ಕ್ರಿಸ್ಮಸ್ ಕೂಟಕ್ಕೆ ಹೊಟ್ಟೆ ತುಂಬುವ ಅಡಿಗೆ: ಆಯ್ಕೆ ಹೇಗೆ, ತಯಾರಿ ಹೇಗೆ

ಡಿಸೆಂಬರ್ ತಿಂಗಳ ನಡುವಿಗೆ ಬಂದಾಗ ನಮ್ಮ ಕಾಸರಗೋಡಿನ ಕಚೇರಿಗಳಲ್ಲಿ ಒಂದು ಕಾಗದ ಮೇಜಿನಿಂದ ಮೇಜಿಗೆ ತಿರುಗುತ್ತದೆ. ಕ್ರಿಸ್ಮಸ್ ರಜೆಗೆ ಮುಂಚಿನ ಕೆಲಸದ ದಿನ ಎಲ್ಲರೂ ಮನೆಯಿಂದ ಒಂದೊಂದು ತಿನಿಸು ತಂದು ಒಟ್ಟಿಗೆ ಉಣ್ಣುವುದೆಂದೂ, ಯಾರು ಏನು ತರುತ್ತಾರೆಂಬುದನ್ನು ಹೆಸರಿನ ಮುಂದೆ ಬರೆಯಬೇಕೆಂದೂ ಅದರಲ್ಲಿರುತ್ತದೆ. ಕಾಗದ ಅರ್ಧ ಸುತ್ತು ಮುಗಿಸುವಷ್ಟರಲ್ಲಿ ಪ್ಲಮ್ ಕೇಕು, ಪಾಯಸ, ನೇಂದ್ರ ಬಾಳೆಕಾಯಿಯ ಚಿಪ್ಸು, ಹಣ್ಣಿನ ಸಲಾಡು ಎಲ್ಲವೂ ಎರಡೆರಡು ಬಾರಿ ಬರೆದಾಗಿರುತ್ತದೆ. ಮುಖ್ಯ ಅಡಿಗೆಯ ಸಾಲು ಮಾತ್ರ ಖಾಲಿ ಉಳಿದಿರುತ್ತದೆ. ಓಣಂ ಊಟದಲ್ಲಿ ಈ ತೊಡಕಿಲ್ಲ, ಏಕೆಂದರೆ ಬಾಳೆಯೆಲೆಯ ಯಾವ ಬದಿಗೆ ಏನು ಬರಬೇಕೆಂಬುದೂ ಮೊದಲೇ ತೀರ್ಮಾನವಾಗಿರುತ್ತದೆ. ಡಿಸೆಂಬರಿನ ಕೂಟಕ್ಕೆ ಅಂಥ ಕಟ್ಟುಪಾಡಿಲ್ಲ. ಆ ಖಾಲಿ ಸಾಲಿನಲ್ಲಿ ತಮ್ಮ ಹೆಸರು ಬರೆಯಲು ಒಪ್ಪಿದವರಿಗಾಗಿ ಈ ಕೆಲವು ಮಾತುಗಳು.

ಆಯ್ಕೆಗೆ ಕುಳಿತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಬೆಳಗ್ಗೆ ಏಳಕ್ಕೆ ಒಲೆಯಿಂದ ಇಳಿಸಿದ ಅಡಿಗೆ ಮಧ್ಯಾಹ್ನ ಒಂದಕ್ಕೆ ಹೇಗಿರುತ್ತದೆ? ಈ ಪ್ರಶ್ನೆ ಕೇಳಿಕೊಳ್ಳದೆ ನಾನು ಒಂದು ವರ್ಷ ನೀರುದೋಸೆ ಒಯ್ದಿದ್ದೆ. ಮನೆಯಲ್ಲಿ ಕರವಸ್ತ್ರದಂತೆ ಮೃದುವಾಗಿದ್ದ ಅರುವತ್ತು ದೋಸೆಗಳು ಬದಿಯಡ್ಕದಿಂದ ವಿದ್ಯಾನಗರಕ್ಕೆ ಬಸ್ಸಿನಲ್ಲಿ ಬರುವಷ್ಟರಲ್ಲಿ ತಮ್ಮದೇ ಹಬೆಯಲ್ಲಿ ನೆನೆದು ಒಂದಕ್ಕೊಂದು ಅಂಟಿಕೊಂಡು ಒಂದೇ ಮುದ್ದೆಯಾಗಿದ್ದವು. ಅದನ್ನು ಕೇಕಿನಂತೆ ಚೂರಿಯಿಂದ ಕತ್ತರಿಸಿ ಬಡಿಸಬೇಕಾಯಿತು. ಸಹೋದ್ಯೋಗಿಗಳು ಒಳ್ಳೆಯವರಾದ್ದರಿಂದ ತಿಂದರು. ಒತ್ತುಶಾವಿಗೆಗೆ ಇಷ್ಟು ಅವಮಾನವಾಗದು, ಆದರೆ ಇಪ್ಪತ್ತೈದು ಮಂದಿಗೆ ಬೆಳಗಿನ ಜಾವ ಒತ್ತುವುದು ಸುಲಭದ ಕೆಲಸವಲ್ಲ, ಹೊತ್ತು ಕಳೆದಂತೆ ಅದು ಒಣಗಿ ಬಿರುಸಾಗುತ್ತದೆ. ಬಿರಿಯಾನಿಯ ಮಾತೆತ್ತಿದರೆ ಎಲ್ಲರ ಕಣ್ಣೂ ಹೊಳೆಯುತ್ತದೆಂಬುದು ನಿಜ, ಆದರೆ ಅದು ಒಬ್ಬರ ಅಡಿಗೆಮನೆಯ ಅಳತೆಗೆ ಮೀರಿದ್ದು.

ಬಿರಿಯಾನಿ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಶಬರಿಮಲೆಯ ಮಂಡಲ ಕಾಲ ನವೆಂಬರ್ ನಡುವಿನಲ್ಲಿ ಆರಂಭವಾಗಿ ಕ್ರಿಸ್ಮಸ್ ಕಳೆದ ಮೇಲೆಯೇ ಮುಗಿಯುವುದರಿಂದ, ಮಾಲೆ ಧರಿಸಿ 41 ದಿನಗಳ ವ್ರತದಲ್ಲಿರುವವರು ಯಾವ ಕಚೇರಿಯಲ್ಲಾದರೂ ಇಬ್ಬರು ಮೂವರು ಸಿಗುತ್ತಾರೆ. ಹಲವರ ಗಮನಕ್ಕೆ ಬಾರದ ಸಂಗತಿಯೆಂದರೆ, ನಮ್ಮ ಜಿಲ್ಲೆಯ ಮೂಡಣ ಗುಡ್ಡಗಳ ಕಡೆಯಿಂದ ಬರುವ ಸುರಿಯಾನಿ ಕ್ರೈಸ್ತ ಸಹೋದ್ಯೋಗಿಗಳಲ್ಲಿಯೂ ಡಿಸೆಂಬರ್ 1ರಿಂದ ಕ್ರಿಸ್ಮಸ್ಸಿನವರೆಗೆ ಇಪ್ಪತ್ತೈದು ದಿನಗಳ ನೋಂಬು ಹಿಡಿದು ಮಾಂಸ ಬಿಡುವವರಿದ್ದಾರೆ. ಕೂಟ ನಡೆಯುವುದು ರಜೆಗೆ ಮುಂಚೆ. ಅಂದರೆ ಯಾರ ಹಬ್ಬದ ಹೆಸರಿನಲ್ಲಿ ಕೋಳಿ ಬೇಯಿಸುತ್ತೇವೋ ಅವರೇ ಅದನ್ನು ಮುಟ್ಟಲಾರದ ದಿನಗಳಲ್ಲಿ. ಕೋಳಿ ತರಲೇಬೇಕೆಂದಿದ್ದರೆ ಹಲಾಲ್ ಆಗಿರಬೇಕೆನ್ನುವವರನ್ನೂ ನೆನಪಿಡಬೇಕು. ಇವೆಲ್ಲವನ್ನೂ ತೂಗಿ ನೋಡಿದರೆ ಮುಖ್ಯ ಅಡಿಗೆ ಸಸ್ಯಾಹಾರದ್ದೇ ಆಗಿರುವುದು ಲೇಸು, ಈರುಳ್ಳಿ ಬೆಳ್ಳುಳ್ಳಿಗಳೂ ಇಲ್ಲದಿದ್ದರೆ ಇನ್ನೂ ಲೇಸು ಎಂದು ನನ್ನ ಅಭಿಪ್ರಾಯ.

ಎರಡನೆಯ ಪ್ರಶ್ನೆ ಕಚೇರಿಯಲ್ಲಿ ಒಲೆಯಿದೆಯೇ ಎಂಬುದು. ಚಹಾ ಮಾಡುವ ಕೋಣೆಯಲ್ಲಿ ಒಂದು ಇಂಡಕ್ಷನ್ ಒಲೆಯಿದ್ದರೂ ಸಾಕು, ಆಯ್ಕೆ ಬದಲಾಗುತ್ತದೆ. ಬೇಯಿಸಿದ ಅಡಿಗೆ 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಉಷ್ಣತೆಯಲ್ಲಿ ಇರುವಾಗ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುತ್ತವೆ. ಇಂಥ ಅಡಿಗೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬಾರದು, ಸೆಕೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ ಎಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ನಮ್ಮ ಕರಾವಳಿಯಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಆ ಮಟ್ಟಕ್ಕೆ ಏರುವುದುಂಟು. 1916ರಲ್ಲಿಯೇ ತೆಂಗಿನ ಸಂಶೋಧನೆಗೆ ಕೇಂದ್ರವೊಂದು ಆರಂಭವಾದ ಊರಿನವರಿಗೆ ತೆಂಗಿನಕಾಯಿಯ ಬಗ್ಗೆ ಬುದ್ಧಿ ಹೇಳುವುದು ಉದ್ಧಟತನವೆನಿಸಬಹುದು. ಆದರೂ ಹಸಿ ಕಾಯಿ ಅರೆದು ಹಾಕಿದ ಪದಾರ್ಥವೇ ಮೊದಲು ಹಳಸುತ್ತದೆಂಬುದು ಎಲ್ಲ ಮನೆಗಳ ಅನುಭವ. ಕಾಯಿಯನ್ನು ಹುರಿದು ನೀರಿನ ಪಸೆ ಆರಿಸಿ ಅರೆದರೆ, ಅರೆದ ಮೇಲೆ ಚೆನ್ನಾಗಿ ಕುದಿಸಿದರೆ, ಅದು ತಾಳಿಕೊಳ್ಳುವುದು ಹೆಚ್ಚು.

ಒಲೆಯಿರುವ ಕಚೇರಿಗೆ ನಾನು ಸೂಚಿಸುವುದು ರೊಟ್ಟಿ ಮತ್ತು ಕಡ್ಲೆ ಗಸಿ, ಅಂದರೆ ಕಾಯಿ ಮಸಾಲೆ ಅರೆದು ಹಾಕಿದ ಕಡಲೆಯ ಪದಾರ್ಥ. ರೊಟ್ಟಿಯೆಂದರೆ ಇಲ್ಲಿ ಕೋರಿರೊಟ್ಟಿಗೆ ಬಳಸುವ, ಕಾಗದದಂತೆ ತೆಳ್ಳಗಿನ ಗರಿಗರಿ ಅಕ್ಕಿರೊಟ್ಟಿ. ಅದನ್ನು ಮನೆಯಲ್ಲಿ ಮಾಡಬೇಕಾಗಿಲ್ಲ, ಕಾಸರಗೋಡು, ಕುಂಬಳೆ, ಮಂಜೇಶ್ವರದ ಅಂಗಡಿಗಳಲ್ಲಿ ಕಟ್ಟುಗಳಾಗಿ ಸಿಗುತ್ತದೆ. ಈ ರೊಟ್ಟಿ ಒಣಗಿದ್ದೇ ಆದ್ದರಿಂದ ಹಳಸುವ ಭಯವಿಲ್ಲ, ಬಸ್ಸಿನ ನೂಕಾಟಕ್ಕೆ ಪುಡಿಯಾದರೂ ನಷ್ಟವಿಲ್ಲ, ಏಕೆಂದರೆ ತಟ್ಟೆಗೆ ಬಿದ್ದ ಮೇಲೆ ಮುರಿಯುವುದೇ ಅದರ ಕ್ರಮ. ಕೊಳ್ಳುವಾಗ ಕಟ್ಟನ್ನು ಮೆಲ್ಲನೆ ಒತ್ತಿ ನೋಡಿ, ಚಟ್ಟನೆ ಮುರಿಯುವಂಥದ್ದನ್ನೇ ಆರಿಸಿ, ಬಡಿಸುವವರೆಗೆ ಬಿಚ್ಚದೆ ಇಡಿ. ಗಾಳಿಯ ತೇವ ತಾಗಿದರೆ ಮೆತ್ತಗಾಗುತ್ತದೆ. ಬೇರೆ ತಿನಿಸುಗಳೂ ಇರುವ ಕೂಟದಲ್ಲಿ ತಲೆಗೆ ಎರಡು ರೊಟ್ಟಿ ಧಾರಾಳವಾಯಿತು.

ಗಸಿಗೆ, ಇಪ್ಪತ್ತೈದು ಮಂದಿಯ ಲೆಕ್ಕದಲ್ಲಿ, 1 ಕಿಲೋ ಕಪ್ಪು ಕಡಲೆಯನ್ನು ಹಿಂದಿನ ಸಂಜೆ ನೆನೆಹಾಕಿ. ಕನಿಷ್ಠ 8 ಗಂಟೆ ನೆನೆದಾಗ ಅದು ಸುಮಾರು ಎರಡು ಪಟ್ಟು ತೂಗುತ್ತದೆ, ಆದ್ದರಿಂದ ಪಾತ್ರೆ ದೊಡ್ಡದಿರಲಿ. ಆ ಸಂಜೆಯೇ ಮೂರು ತೆಂಗಿನಕಾಯಿಗಳ ತುರಿಯನ್ನು ಸಣ್ಣ ಉರಿಯಲ್ಲಿ ಕೆಂಪಗಾಗುವವರೆಗೆ ಹುರಿಯಿರಿ. ಇಪ್ಪತ್ತೈದು ಬ್ಯಾಡಗಿ ಮೆಣಸು, ಒಂದು ಹಿಡಿ ಕೊತ್ತಂಬರಿ, ಎರಡು ಚಮಚ ಜೀರಿಗೆ, ಅರ್ಧ ಚಮಚ ಮೆಂತ್ಯಗಳನ್ನು ಬೇರೆಯಾಗಿ ಹುರಿದು, ಎಲ್ಲವನ್ನೂ ಆರಿಸಿ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ನೀರು ಮಾತ್ರ ಸೋಕಬಾರದು. ಬೆಳಗ್ಗೆ ಕಡಲೆಯನ್ನು ಉಪ್ಪು ಹಾಕಿ ಕುಕ್ಕರಿನಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿದರೆ ಮೆತ್ತಗಾಗುವಂತಿರಲಿ. ಹುರಿದದ್ದನ್ನು ನಿಂಬೆಗಾತ್ರದ ಹುಣಸೆಹಣ್ಣಿನೊಡನೆ ನುಣ್ಣಗೆ ಅರೆದು ಕಡಲೆಗೆ ಬೆರಸಿ, ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಕುದಿಸಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಿ. ಮನೆಯಲ್ಲಿ ಮಾಡುವ ಗಸಿಗಿಂತ ಇದು ತೆಳ್ಳಗೆ ಹರಿಯುವಂತಿರಬೇಕು, ರೊಟ್ಟಿ ಅಷ್ಟನ್ನೂ ಹೀರಿಕೊಳ್ಳುತ್ತದೆ. ಕುದಿಯುತ್ತಿರುವಾಗಲೇ ಬಿಸಿನೀರಿನಲ್ಲಿ ಒಮ್ಮೆ ತೊಳೆದ ಹಾಟ್‌ಬಾಕ್ಸಿಗೆ ತುಂಬಿ ಮುಚ್ಚಿ, ಕಚೇರಿ ಮುಟ್ಟಿದ ಮೇಲೆ ಬಾಕ್ಸು ಬಿಚ್ಚಿ ನೋಡುವ ಚಪಲ ಬಿಟ್ಟು, ಊಟಕ್ಕೆ ಅರ್ಧ ಗಂಟೆ ಮುಂಚೆ ಬೋಗುಣಿಗೆ ಸುರಿದು ಮತ್ತೆ ಕುದಿ ಬರಿಸಿ. ಗಸಿಯ ಸೊಗಸೆಂದರೆ ಈ ಎರಡನೆಯ ಕುದಿಯಲ್ಲಿ ಕಡಲೆಗೆ ಮಸಾಲೆ ಇಳಿದು ಬೆಳಗಿಗಿಂತ ರುಚಿಯಾಗುತ್ತದೆ.

ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗೆ ಈ ರೊಟ್ಟಿಯನ್ನು ತಿನ್ನುವ ಬಗೆಯನ್ನು ಹೇಳಿಕೊಡಬೇಕಾಗುತ್ತದೆ. ಕೊಲ್ಲಂ ಕಡೆಯವರೊಬ್ಬರು ಅದನ್ನು ಹಪ್ಪಳವೆಂದು ಭಾವಿಸಿ ಗಸಿ ಬರುವ ಮೊದಲೇ ನಾಲ್ಕನ್ನು ಕರುಮುರು ತಿಂದು ಮುಗಿಸಿದ್ದನ್ನು ನಾನು ಕಂಡಿದ್ದೇನೆ. ಕೂಟವು ವ್ರತ, ನೋಂಬುಗಳೆಲ್ಲ ಕಳೆದ ಮೇಲೆ ಹೊಸ ವರ್ಷಕ್ಕೆ ನಡೆಯುವುದಾದರೆ, ಇದೇ ರೊಟ್ಟಿಗೆ ಇನ್ನೊಬ್ಬರು ಕೋಳಿಯ ಸಾರು ತರಬಹುದು. ಪಾತ್ರೆ, ಸೌಟು, ಇಡುವ ಮೇಜು ಮೂರೂ ಬೇರೆಯಾಗಿರಲಿ.

ಒಲೆಯಿಲ್ಲದ ಕಚೇರಿಗೆ ಪುಳಿಯೋಗರೆಯೇ ಗತಿ. ಇದು ನಮ್ಮ ಕರಾವಳಿಯ ದಿನನಿತ್ಯದ ಅಡಿಗೆಯಲ್ಲ, ಘಟ್ಟದ ಮೇಲಿನದು. ಆದರೆ ಪ್ರಯಾಣದ ಬುತ್ತಿಯಾಗಿ ಹೆಸರಾದದ್ದು, ಅದಕ್ಕೆ ಕಾರಣವೂ ಇದೆ. ಗೊಜ್ಜಿನಲ್ಲಿ ಹುಳಿ ಮತ್ತು ಎಣ್ಣೆ ಹೆಚ್ಚು, ನೀರಿನಂಶ ಕಡಿಮೆ, ತೆಂಗಿನಕಾಯಿ ಹಾಕದೆಯೂ ನಡೆಯುತ್ತದೆ. ಇಪ್ಪತ್ತೈದು ಮಂದಿಗೆ ತಲಾ 60 ಗ್ರಾಮಿನಂತೆ ಒಂದೂವರೆ ಕಿಲೋ ಬೆಳ್ತಿಗೆ ಅಕ್ಕಿ ಸಾಕು. ಕುಚ್ಚಿಲಕ್ಕಿ ಇದಕ್ಕೆ ಒದಗುವುದಿಲ್ಲ. 150ರಿಂದ 200 ಗ್ರಾಮ್ ಹುಣಸೆಹಣ್ಣಿನ ರಸ, 250 ಮಿಲಿಲೀಟರ್ ಎಳ್ಳೆಣ್ಣೆ, ಒಂದು ತುಂಡು ಬೆಲ್ಲ, ಹುರಿದು ಕುಟ್ಟಿದ ಮೆಣಸು, ಕೊತ್ತಂಬರಿ, ಮೆಂತ್ಯ, ಕರಿಎಳ್ಳಿನ ಪುಡಿ ಇಷ್ಟನ್ನು ಎಣ್ಣೆ ಮೇಲೆ ತೇಲುವವರೆಗೆ ಕುದಿಸಿ ಗೊಜ್ಜು ಮಾಡಿ. ಎರಡು ದಿನ ಮೊದಲೇ ಮಾಡಿಟ್ಟರೆ ಹದ ಇನ್ನೂ ಚೆನ್ನಾಗುತ್ತದೆ. ಅನ್ನವನ್ನು ಮಾತ್ರ ರಾತ್ರಿಯೇ ಮಾಡಿಡಬೇಡಿ. ಅಕ್ಕಿಯಲ್ಲಿರುವ ಬೆಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಅನ್ನ ನಿಧಾನವಾಗಿ ಆರುವಾಗ ಮತ್ತೆ ಚಿಗುರುತ್ತವೆ, ಅವು ಬಿಡುವ ವಿಷ ಬಿಸಿಮಾಡಿದರೂ ಹೋಗುವುದಿಲ್ಲ. ಹುಳಿ ಅವುಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆ, ಕೊಲ್ಲುವುದಿಲ್ಲ. ಆದ್ದರಿಂದ ಹೊರಡುವುದಕ್ಕೆ ಸ್ವಲ್ಪ ಮುಂಚೆ, ತುಸು ನೀರು ಕಡಿಮೆಯಿಟ್ಟು ಉದುರುದುರಾಗಿ ಅನ್ನ ಮಾಡಿ, ಅಗಲದ ಬಾಳೆಯೆಲೆಯ ಮೇಲೆ ಹರವಿ ಫ್ಯಾನಿನ ಕೆಳಗೆ ಬೇಗ ಆರಿಸಿ, ಕೂಡಲೇ ಗೊಜ್ಜು ಕಲಸಿ. ಊಟದ ಹೊತ್ತನ್ನು ಹನ್ನೆರಡೂವರೆಗೆ ಇಟ್ಟುಕೊಳ್ಳುವಂತೆ ಹೇಳಿ. ರೈಲು ಹಿಡಿದು ಊರಿಗೆ ಹೋಗುವವರಿರುವುದರಿಂದ ಯಾರೂ ಬೇಡವೆನ್ನಲಾರರು.

ಹುರಿದ ನೆಲಗಡಲೆಯನ್ನು ಅನ್ನಕ್ಕೆ ಬೆರಸದೆ ಪ್ರತ್ಯೇಕ ಡಬ್ಬಿಯಲ್ಲಿ ಒಯ್ಯಿರಿ. ಬೆರಸಿದರೆ ಮೆತ್ತಗಾಗುತ್ತದೆ, ನೆಲಗಡಲೆ ಒಗ್ಗದವರೂ ಇರಬಹುದು. ಪಾತ್ರೆಯ ಮೇಲೆ ಅಡಿಗೆಯ ಹೆಸರನ್ನೂ, ಈರುಳ್ಳಿ ಬೆಳ್ಳುಳ್ಳಿ ಇಲ್ಲವೆಂಬುದನ್ನೂ ಕನ್ನಡ ಮಲಯಾಳ ಎರಡರಲ್ಲಿಯೂ ಬರೆದ ಚೀಟಿ ಅಂಟಿಸಿ. ಗಸಿಯಾಗಲಿ ಪುಳಿಯೋಗರೆಯಾಗಲಿ, ಉಳಿದದ್ದನ್ನು ಸಂಜೆಗೆಂದು ಮನೆಗೆ ಕಟ್ಟಿಕೊಂಡು ಬರಬೇಡಿ, ಅಳತೆಯನ್ನೇ ಬಿಗಿಯಾಗಿ ಇಟ್ಟುಕೊಳ್ಳಿ. ಮತ್ತೆ ಸೌಟು: ಎಲ್ಲರೂ ಅಡಿಗೆ ತರುತ್ತಾರೆ, ಸೌಟು ತರುವವರಿಲ್ಲ. ಎರಡು ಒಯ್ಯಿರಿ, ಹಿಡಿಗೆ ಗುರುತಿನ ನೂಲು ಕಟ್ಟಿರಿ.