ಸುಣ್ಣ ನುಣ್ಣಗಿದ್ದಷ್ಟೂ ಕೆಲಸ ಬೇಗ: ತೋಟದಲ್ಲಿ ನಾನು ಕಂಡದ್ದು

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಇಲ್ಲಿಯ ಮಳೆ ಮಣ್ಣಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ವರ್ಷವರ್ಷವೂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ರಸಸಾರ (pH, ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ) 5ರ ಆಸುಪಾಸಿಗೆ ಇಳಿದರೆ ಹಾಕಿದ ಗೊಬ್ಬರ, ಅದರಲ್ಲೂ ರಂಜಕ, ಬೇರಿಗೆ ಸರಿಯಾಗಿ ದಕ್ಕುವುದಿಲ್ಲ. ಅದಕ್ಕಾಗಿ ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕಿಲೋದಂತೆ ಸುಣ್ಣಕಲ್ಲಿನ ಪುಡಿಯಾದ ಕೃಷಿ ಸುಣ್ಣವನ್ನೋ, ಮೆಗ್ನೀಷಿಯಂ ಕೂಡ ಇರುವ ಡೋಲೋಮೈಟನ್ನೋ ಕೊಡುತ್ತೇವೆ. ಎರಡೂ ಕಲ್ಲನ್ನು ಅರೆದು ಮಾಡಿದ ಕಾರ್ಬೊನೇಟ್ ಪುಡಿಗಳು. ಹುಳಿ ತಾಗಿದಾಗ ಇಂಗಾಲದ ಡೈಆಕ್ಸೈಡ್ ಬಿಟ್ಟು ಕರಗುತ್ತವೆ, ಜೊತೆಗೆ ಹುಳಿಯೂ ತಗ್ಗುತ್ತದೆ.

ಇದೆಲ್ಲ ನಡೆಯುವುದು ಕಲ್ಲಿನ ಹೊರಮೈಯಲ್ಲಿ ಮಾತ್ರ. ಒಳಗಿನ ಕಲ್ಲಿಗೆ ಹುಳಿ ತಾಗಬೇಕಾದರೆ ಹೊರಪದರ ಕರಗುವ ತನಕ ಕಾಯಬೇಕು. 1 ಸೆಂಟಿಮೀಟರ್ ಘನದ ಒಂದು ತುಂಡನ್ನು ತೆಗೆದುಕೊಳ್ಳಿ, ಅದರ ಮೈ 6 ಚದರ ಸೆಂಟಿಮೀಟರ್. ಅದನ್ನು 1 ಮಿಲಿಮೀಟರಿನ ಘನಗಳಾಗಿ ಒಡೆದರೆ ಸಾವಿರ ತುಂಡುಗಳು, ಒಟ್ಟು ಮೈ 60 ಚದರ ಸೆಂಟಿಮೀಟರ್. 0.1 ಮಿಲಿಮೀಟರಿಗೆ ಇಳಿಸಿದರೆ 600. ತೂಕ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಹುಳಿ ತಾಗುವ ಜಾಗ ಮಾತ್ರ ನೂರು ಪಟ್ಟು.

ಕಾಗದದ ಮೇಲಿನ ಲೆಕ್ಕ ಕಣ್ಣಿಗೂ ಕಾಣಲಿ ಎಂದು ಅಡುಗೆಮನೆಯಲ್ಲೇ ಪರೀಕ್ಷೆ ಮಾಡಿದೆ. ಒಂದೇ ಸುಣ್ಣಕಲ್ಲಿನಿಂದ 5 ಗ್ರಾಂ ಚೂರು, 5 ಗ್ರಾಂ ಪುಡಿ ತೂಗಿ, ಎರಡು ದೊಡ್ಡ ಲೋಟಗಳಲ್ಲಿ ಹಾಕಿ, ಒಂದೊಂದಕ್ಕೂ 200 ಮಿಲಿಲೀಟರ್ ವಿನೆಗರ್ ಸುರಿದೆ. ಪುಡಿಯ ಲೋಟದಲ್ಲಿ ನೊರೆ ಭರ್‍ರೆಂದು ಮೇಲೇರಿತು, ಸ್ವಲ್ಪ ಹೊತ್ತಿನಲ್ಲೇ ಇಳಿಯಿತು. ಚೂರುಗಳ ಲೋಟದಲ್ಲಿ ಕಲ್ಲಿನ ಅಂಚು, ಮೂಲೆಗಳಿಂದ ಗುಳ್ಳೆಗಳು ಸಾಲಾಗಿ ಏಳುತ್ತಿದ್ದವು, ಅಷ್ಟೇ. 5 ಗ್ರಾಂ ಶುದ್ಧ ಸುಣ್ಣಕಲ್ಲಿನಿಂದ ಹೊರಬರಬಹುದಾದ ಅನಿಲ 2.2 ಗ್ರಾಂ. ಚೂರಾಗಲಿ ಪುಡಿಯಾಗಲಿ, ಪೂರ್ತಿ ಕರಗಿದರೆ ಈ ಲೆಕ್ಕ ಬದಲಾಗುವುದಿಲ್ಲ. ಅರೆಯುವುದರಿಂದ ಸುಣ್ಣದ ಶಕ್ತಿ ಹೆಚ್ಚುತ್ತದೆ ಎಂದು ಹೇಳುವವರಿದ್ದಾರೆ. ಹೆಚ್ಚುವುದು ಶಕ್ತಿಯಲ್ಲ, ವೇಗ.

ಡೋಲೋಮೈಟ್ ಇನ್ನೂ ನಿಧಾನದ ಕಲ್ಲು. ಗಟ್ಟಿ ತುಂಡಿನ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೂ ಬಹುತೇಕ ಸುಮ್ಮನಿರುತ್ತದೆ. ಅದೇ ಜಾಗವನ್ನು ಚಾಕುವಿನಿಂದ ಕೆರೆದು, ಎದ್ದ ಪುಡಿಯ ಮೇಲೆ ಹನಿ ಬಿಟ್ಟರೆ ಬುಸುಗುಟ್ಟುತ್ತದೆ. ಭೂವಿಜ್ಞಾನಿಗಳು ಸುಣ್ಣಕಲ್ಲಿಗೂ ಡೋಲೋಮೈಟಿಗೂ ಇರುವ ವ್ಯತ್ಯಾಸ ಹಿಡಿಯುವುದು ಹೀಗೆಯೇ. ಆದ್ದರಿಂದ ಡೋಲೋಮೈಟ್ ಕೊಳ್ಳುವವರು ನುಣುಪಿನ ವಿಷಯದಲ್ಲಿ ಇನ್ನಷ್ಟು ಹಟ ಹಿಡಿಯಬೇಕು.

ಲೋಟದಲ್ಲಾದರೆ ಹುಳಿ ತಾನೇ ಹರಿದು ಬಂದು ಕಲ್ಲನ್ನು ಸುತ್ತುತ್ತದೆ. ಮಣ್ಣಿನಲ್ಲಿ ಆ ಅನುಕೂಲವಿಲ್ಲ. ಸುಣ್ಣ ಬಿದ್ದಲ್ಲಿಂದ ಹೆಚ್ಚು ಕದಲುವುದಿಲ್ಲ, ಒಂದು ಕಣ ತನ್ನ ಪಕ್ಕದ ಮಣ್ಣನ್ನಷ್ಟೇ ಸರಿಪಡಿಸುತ್ತದೆ. ಕಣಗಳ ಸಂಖ್ಯೆ ಹೆಚ್ಚಿದ್ದರೆ ಅಷ್ಟು ಹೆಚ್ಚು ಕಡೆ ಕೆಲಸ ಶುರುವಾಗುತ್ತದೆ. ತೋಟದ ಒಂದು ಸಾಲಿಗೆ ನುಣ್ಣನೆಯ ಪುಡಿ, ಪಕ್ಕದ ಸಾಲಿಗೆ ದಪ್ಪ ರವೆಯಂಥದ್ದು ಹಾಕಿ ನೋಡಿದೆ. ಮುಂದಿನ ವರ್ಷ ಪುಡಿ ಹಾಕಿದ ಸಾಲಿನಲ್ಲಿ ರಸಸಾರ ಏರಿತ್ತು. ರವೆ ಹಾಕಿದ ಸಾಲಿನಲ್ಲಿ ಏರಿಕೆ ಇದೆಯೋ ಇಲ್ಲವೋ ಎಂಬಷ್ಟು. ಅಲ್ಲಿ ಗುದ್ದಲಿಯಿಂದ ಮಣ್ಣು ಕೆದಕಿದಾಗ ಬಿಳಿ ಹರಳುಗಳು ಹಾಗೆಯೇ ಸಿಕ್ಕಿದವು. ಕೆಲವನ್ನು ತೊಳೆದು, ಕುಟ್ಟಿ, ಹನಿ ಆಮ್ಲ ಬಿಟ್ಟೆ. ಹೊಸ ಸುಣ್ಣದ ಹಾಗೆಯೇ ನೊರೆ ಬಂತು. ಒಂದು ಮಳೆಗಾಲವಿಡೀ ಹುಳಿ ಮಣ್ಣಿನಲ್ಲಿ ಕುಳಿತೂ ಒಳಗಿನ ಕಲ್ಲು ಹುಳಿಯ ಮುಖವನ್ನೇ ನೋಡಿರಲಿಲ್ಲ!

ಈಗ ಸುಣ್ಣ ತರಿಸುವ ಮೊದಲು ಮಾದರಿ ಕೇಳಿ ಪಡೆಯುತ್ತೇನೆ. ಒಣಗಿಸಿ, 100 ಗ್ರಾಂ ತೂಗಿ, ಅಂಗುಲಕ್ಕೆ 60 ಕಣ್ಣಿನ ಜರಡಿಯಲ್ಲಿ ಜಾಲಿಸುತ್ತೇನೆ. ಆ ಕಣ್ಣು ಸುಮಾರು ಕಾಲು ಮಿಲಿಮೀಟರ್. ಅದರಲ್ಲಿ ಇಳಿದದ್ದು ಬೇಗ ಕೆಲಸಕ್ಕೆ ಬರುವ ಸುಣ್ಣ. ಮೇಲೆ ಉಳಿದದ್ದರಲ್ಲಿ ಸಣ್ಣ ರವೆಯಂಥದ್ದನ್ನು ಅರ್ಧ ಬೆಲೆಯದೆಂದು ಎಣಿಸುತ್ತೇನೆ, ಏಕೆಂದರೆ ಅದು ನಿಧಾನವಾಗಿಯಾದರೂ ಕರಗುತ್ತದೆ. 2 ಮಿಲಿಮೀಟರಿಗಿಂತ ದಪ್ಪನೆಯ ಹರಳಿಗೆ ನನ್ನ ಲೆಕ್ಕದಲ್ಲಿ ಬೆಲೆಯೇ ಇಲ್ಲ. ಹೀಗೆ ಹಣ ಕೂಡಿಸಿ ನೋಡಿದರೆ ಅಗ್ಗದ ಚೀಲ ಎಷ್ಟೋ ಸಲ ದುಬಾರಿಯಾಗಿ ನಿಲ್ಲುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಸಿಗುವ ಅರಳಿದ ಸುಣ್ಣ, ಕೃಷಿ ಸುಣ್ಣ ಮತ್ತು ಡೋಲೋಮೈಟ್ ಎರಡಕ್ಕಿಂತ ನುಣುಪು, ಗುಣದಲ್ಲೂ ತೀಕ್ಷ್ಣ. ಅದನ್ನು ಬೇರಿನ ಮೇಲೆ ಎರಚಲು ನನಗೆ ಮನಸ್ಸಿಲ್ಲ, ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ, ಸುಣ್ಣದ ಮಿಶ್ರಣ) ಇಟ್ಟುಕೊಂಡಿದ್ದೇನೆ. ನುಣ್ಣನೆಯ ಪುಡಿ ಗಾಳಿಗೆ ಹಾರುವುದರಿಂದ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಗಾಳಿಯಿಲ್ಲದ ಬೆಳಗಿನ ಹೊತ್ತು, ಮಣ್ಣಿನಲ್ಲಿ ತೇವ ಇರುವಾಗಲೇ ಬುಡದ ಸುತ್ತ ಹರಡಿ ಮಣ್ಣಿಗೆ ಬೆರೆಸುತ್ತೇವೆ. ಯೂರಿಯಾ, ಅಮೋನಿಯಂ ಗೊಬ್ಬರಗಳನ್ನು ಅದರ ಜೊತೆಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಹಾಗಾಗಿ ಗೊಬ್ಬರಕ್ಕೆ ತಿಂಗಳ ಅಂತರ ಕೊಡುತ್ತೇನೆ.