ಟೊಮೆಟೊ ಸಸಿಗೆ ವಿಟಮಿನ್ ಸಿ: ನಾನು ಸಿಂಪಡಿಸಿದ್ದು, ಸಸಿಯೇ ಮಾಡಿಕೊಂಡದ್ದು

ಕೋಲಾರದ ಕಡೆ ಏಪ್ರಿಲ್‌ನಲ್ಲಿ ಟೊಮೆಟೊ ನಾಟಿ ಮಾಡುವವರಿಗೆ ಮೊದಲ ವಾರದ ಸಂಕಟ ಗೊತ್ತೇ ಇರುತ್ತದೆ. ನೆರಳುಪರದೆಯ ಕೆಳಗೆ ಪ್ರೋಟ್ರೇ ಎಂಬ ಗುಳಿಗಳ ತಟ್ಟೆಯಲ್ಲಿ ಮೃದುವಾಗಿ ಬೆಳೆದ 25 ದಿನಗಳ ಸಸಿ, ಮಣ್ಣಿಗೆ ಹೊದಿಸಿದ ಮಲ್ಚಿಂಗ್ ಹಾಳೆಯ ತೂತಿನಿಂದ ಏಳುವ ಕಾವಿಗೆ ಮಧ್ಯಾಹ್ನವೇ ತಲೆ ಬಾಗಿಸುತ್ತದೆ. ಎರಡು ದಿನ ಕಳೆದರೆ ಎಲೆಯ ಮೇಲೆ ಬಿಳಿಚಿದ ಮಚ್ಚೆಗಳು ಮೂಡುತ್ತವೆ. ಬೇರು ಇನ್ನೂ ಹಿಡಿದಿರುವುದಿಲ್ಲ, ನೀರು ಉಳಿಸಲು ಎಲೆಯ ಸೂಕ್ಷ್ಮ ತೂತುಗಳಾದ ಪತ್ರರಂಧ್ರಗಳು ಮುಚ್ಚಿಕೊಂಡಿರುತ್ತವೆ, ಹೀಗಾಗಿ ಎಲೆ ಹೀರಿದ ಬೆಳಕಿನಲ್ಲಿ ಬಳಕೆಯಾಗದೆ ಉಳಿದ ಪಾಲು ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಸುಡುವ ವಸ್ತುಗಳನ್ನು ಹುಟ್ಟಿಸುತ್ತದೆ. ಅದನ್ನು ನೀರಾಗಿಸುವ ಕಿಣ್ವಕ್ಕೆ ಆಸ್ಕಾರ್ಬಿಕ್ ಆಮ್ಲ, ಅಂದರೆ ನಾವು ನೆಲ್ಲಿಕಾಯಿಯಲ್ಲಿ ತಿನ್ನುವ ವಿಟಮಿನ್ ಸಿ, ಬೇಕೇ ಬೇಕು. ರಸಾಯನಶಾಸ್ತ್ರ ಓದಿ ಬೇಸಾಯಕ್ಕೆ ಬಂದ ನನಗೆ ಅದನ್ನು ಹೊರಗಿನಿಂದ ಕೊಟ್ಟು ನೋಡುವ ಆಸೆಯಾಯಿತು.

ನಾನು ಆರಿಸಿಕೊಂಡ ಪ್ರಮಾಣ ಒಂದು ಮಿಲಿಮೋಲಾರ್, ಅಂದರೆ ಲೀಟರಿಗೆ 176 ಮಿಲಿಗ್ರಾಂ. 16 ಲೀಟರಿನ ಪಂಪಿಗೆ 2.8 ಗ್ರಾಂ. ಬೆಳಿಗ್ಗೆಯೇ ಬೋರ್‌ವೆಲ್ ನೀರಿನಲ್ಲಿ ಕರಗಿಸಿಟ್ಟು ಸಂಜೆ ಸಿಂಪಡಿಸಿದೆ. ಹಾಗೆಯೇ ಬಿಟ್ಟ ಸಾಲುಗಳಿಗೂ ಇವಕ್ಕೂ ಏನೇನೂ ವ್ಯತ್ಯಾಸ ಕಾಣಲಿಲ್ಲ.

ಅನುಮಾನ ಬಂದದ್ದು ಪಂಪಿನ ತಳದಲ್ಲಿ ಉಳಿದಿದ್ದ ಹಳದಿ ನೀರನ್ನು ನೋಡಿದಾಗ. ಗಂಜಿಯಲ್ಲಿ ಅಯೋಡಿನ್ ತರುವ ನೀಲಿಯನ್ನು ವಿಟಮಿನ್ ಸಿ ಅಳಿಸುತ್ತದೆ, ಅದನ್ನೇ ಪರೀಕ್ಷೆಯಾಗಿ ಬಳಸಿದೆ. ಅಡುಗೆಮನೆಯಿಂದ ಎರಡು ಲೋಟ ತಿಳಿ ಗಂಜಿ ತಂದು, ಒಂದೊಂದಕ್ಕೂ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟೆ, ಎರಡೂ ಕಡುನೀಲಿಯಾದವು. ಆಗಷ್ಟೇ ಮಳೆನೀರಿನಲ್ಲಿ ಅದೇ ಪ್ರಮಾಣದಲ್ಲಿ ಕರಗಿಸಿದ ಆಮ್ಲವನ್ನು ಒಂದು ಲೋಟಕ್ಕೆ ಹಾಕುತ್ತಾ ಹೋದರೆ ಎರಡನೆಯ ಚಮಚಕ್ಕೆ ನೀಲಿ ಅಳಿಸಿಹೋಯಿತು. ಪಂಪಿನ ನೀರನ್ನು ಐದು ಚಮಚ ಹಾಕಿದರೂ ಇನ್ನೊಂದು ಲೋಟದ ಬಣ್ಣ ಕದಲಲಿಲ್ಲ. ಹಿಂದಿನ ವಾರ ಅದೇ ಪಂಪಿನಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಶಿಲೀಂಧ್ರನಾಶಕ ಹೊಡೆದಿದ್ದೆವು. ತಾಮ್ರದ ಚೂರು ಅಂಶವಿದ್ದರೂ ಆಸ್ಕಾರ್ಬಿಕ್ ಆಮ್ಲ ಗಾಳಿಯ ಆಮ್ಲಜನಕದೊಡನೆ ಕೂಡಿ ಬೇಗ ಕೆಡುತ್ತದೆ, ಕ್ಷಾರಗುಣದ ಬೋರ್‌ವೆಲ್ ನೀರು ಅದಕ್ಕೆ ಇನ್ನಷ್ಟು ಅನುವು ಮಾಡಿಕೊಡುತ್ತದೆ. ನಾನು ಸಿಂಪಡಿಸಿದ್ದು ವಿಟಮಿನ್ನೇ ಅಲ್ಲ.

ಮುಂದಿನ ನಾಟಿಗೆ ಹೊಸ ಪಂಪು ತಂದು, ಚಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಕರಗಿಸಿ, ಅರ್ಧ ಗಂಟೆಯೊಳಗೆ ಎಲೆಯ ಅಡಿಭಾಗವೂ ನೆನೆಯುವಂತೆ ಇಳಿಹೊತ್ತಿನಲ್ಲಿ ಸಿಂಪಡಿಸಿದೆ. ಸಸಿಗಳು ಮಧ್ಯಾಹ್ನ ಬಾಡುವುದು ನಿಲ್ಲಲಿಲ್ಲ, ಆದರೆ ಸಂಜೆ ಬೇಗ ಚೇತರಿಸಿಕೊಂಡವು, ಬಿಳಿಚಿದ ಎಲೆಗಳೂ ಕಡಿಮೆಯಾದವು. ಆಸೆಬುರುಕತನದಿಂದ ಎರಡು ಸಾಲಿಗೆ ಹತ್ತು ಪಟ್ಟು ಕೊಟ್ಟೆ. ಆ ಹುಳಿಗೆ ಎಲೆಯಂಚು ಸುಟ್ಟಿತು.

ಹೊರಗಿನಿಂದ ಕೊಟ್ಟದ್ದು ಕೆಲವು ದಿನಗಳ ಕೈಸಾಲವಷ್ಟೆ. ಗಿಡ ಗ್ಲೂಕೋಸಿನಿಂದ ತಾನೇ ಈ ವಿಟಮಿನ್ ತಯಾರಿಸಿಕೊಳ್ಳುವ ಮುಖ್ಯ ದಾರಿ 1998ರಲ್ಲಿ ಸ್ಪಷ್ಟವಾಯಿತು. ಸಾಕಷ್ಟು ತಯಾರಾದೊಡನೆ ಆ ದಾರಿಯ ಒಂದು ಪ್ರಮುಖ ಕಿಣ್ವದ ಉತ್ಪಾದನೆಗೆ ತಡೆ ಬೀಳುತ್ತದೆ. ಆ ತಡೆಯನ್ನು ಜೀನ್ ತಿದ್ದುಪಡಿಯಿಂದ ಸಡಿಲಿಸಿದ ಚೀನಾದ ಸಂಶೋಧಕರು 2018ರಲ್ಲಿ ಲೆಟ್ಯೂಸ್ ಎಲೆಯ ವಿಟಮಿನ್ ಸಿ ಅಂಶವನ್ನು ಸುಮಾರು ಶೇ 150ರಷ್ಟು ಹೆಚ್ಚಿಸಿದರು. ಹೆಚ್ಚಿದಷ್ಟೂ ಒಳ್ಳೆಯದೆಂದೇನೂ ಅಲ್ಲ: ಪತ್ರರಂಧ್ರ ಮುಚ್ಚಲು ಸೂಚನೆ ಕೊಡುವುದೂ ಅದೇ ಹೈಡ್ರೋಜನ್ ಪೆರಾಕ್ಸೈಡ್ ಆದ್ದರಿಂದ, ಬಳಸಿದ ವಿಟಮಿನ್ನನ್ನು ಮರುಬಳಕೆಗೆ ತರುವ ಕಿಣ್ವವನ್ನು ಹೆಚ್ಚಿಸಿದ ತಂಬಾಕು ಗಿಡಗಳು ರಂಧ್ರ ತೆರೆದುಕೊಂಡೇ ಇದ್ದು ನೀರು ಕಳೆದುಕೊಂಡವೆಂದು 2004ರಲ್ಲಿ ಕಂಡುಬಂದಿತ್ತು.

ಜೀನು ನನ್ನ ಕೈಯಲ್ಲಿಲ್ಲ, ನೆರಳುಪರದೆ ಇದೆ. ಬೆಳಕು ಹೆಚ್ಚಾದಂತೆ ಎಲೆ ತಾನಾಗಿಯೇ ಹೆಚ್ಚು ವಿಟಮಿನ್ ಸಿ ಕೂಡಿಟ್ಟುಕೊಳ್ಳುತ್ತದೆ. ಆದ್ದರಿಂದ 18ನೆಯ ದಿನದಿಂದ ಬೆಳಗಿನ ಎರಡು ಗಂಟೆ ಪರದೆ ಸರಿಸಿ, ದಿನದಿನಕ್ಕೆ ಹೊತ್ತು ಹೆಚ್ಚಿಸುತ್ತಾ, ನೀರನ್ನು ತುಸು ಹಿಡಿದು ಕೊಟ್ಟೆ. ಹೀಗೆ ಹದಗೊಳಿಸಿದ ಮತ್ತು ನೆರಳಿನಲ್ಲೇ ಉಳಿದ ಸಸಿಗಳ ಎಲೆಗಳನ್ನು ಸಮ ತೂಕದಲ್ಲಿ ಅರೆದು ಸೋಸಿ ಗಂಜಿಗೆ ಹಾಕಿದಾಗ, ಹದಗೊಂಡವುಗಳ ರಸ ಹೆಚ್ಚು ಹನಿ ಅಯೋಡಿನ್ನಿನ ಬಣ್ಣವನ್ನು ಅಳಿಸಿತು. ಎಲೆಯ ಬೇರೆ ವಸ್ತುಗಳೂ ಈ ಬಣ್ಣವನ್ನು ತೆಗೆಯುವುದರಿಂದ ಇದು ಒರಟು ಅಳತೆಯೇ. ಆದರೂ ಹೊಲದಲ್ಲಿ ಆ ಸಸಿಗಳು ಸಿಂಪಡಣೆಯಿಲ್ಲದೆಯೂ ಚೆನ್ನಾಗಿ ನಿಂತವು.

ಈಗ ಹದಗೊಳಿಸಿದ ಸಸಿಗಳಿಗೆ ನಾಟಿಯ ಹಿಂದಿನ ಸಂಜೆ, ಇನ್ನೂ ಟ್ರೇಯಲ್ಲಿರುವಾಗಲೇ, ಒಮ್ಮೆ ಮಾತ್ರ ಸಿಂಪಡಿಸುತ್ತೇನೆ. ಹೊಲವಿಡೀ ಹೊಡೆಯುವ ಖರ್ಚು ಉಳಿಯುತ್ತದೆ, ಕೈಪಂಪೊಂದೇ ಸಾಕು. ಅದಕ್ಕೆ ಕೆಂಪು ಪಟ್ಟಿ ಸುತ್ತಿ, ಔಷಧಿ ಹೊಡೆಯುವವರ ಕೈಗೆ ಸಿಗದಂತೆ ಮನೆಯೊಳಗೇ ಇಟ್ಟಿದ್ದೇನೆ.