ಮುರುಡೇಶ್ವರಕ್ಕೆ ಬಂದವರು ಮಕ್ಕಳನ್ನು ಕಾಸರಕೋಡಿಗೆ ಕರೆತನ್ನಿ

ಹೊನ್ನಾವರದಲ್ಲಿ ಮನೆ ಅಂದರೆ ರಜೆ ಬಂತೆಂದರೆ ನೆಂಟರು ಬಂದೇ ಬರುತ್ತಾರೆ. ಎಲ್ಲರಿಗೂ ಮೊದಲು ಮುರುಡೇಶ್ವರವೇ ಆಗಬೇಕು. ಆಗಲಿ, 123 ಅಡಿಯ ಶಿವನನ್ನು ನೋಡಿ, ಗೋಪುರ ಹತ್ತಿ. ಆದರೆ ಶನಿವಾರ, ಭಾನುವಾರ ಆ ಗದ್ದಲದಲ್ಲಿ ಸಣ್ಣ ಮಕ್ಕಳನ್ನು ನೀರಿಗೆ ಬಿಡಬೇಡಿ. ಹೆದ್ದಾರಿ 66ರಲ್ಲಿ ಹೊನ್ನಾವರದ ಕಡೆ ಬನ್ನಿ. ಶರಾವತಿ ಸೇತುವೆ ದಾಟುವ ಮೊದಲೇ ಎಡಕ್ಕೆ ಕಾಸರಕೋಡು ಇಕೋ ಬೀಚ್ ಸಿಗುತ್ತದೆ. ಮ್ಯಾಪಿನಲ್ಲಿ ಹೊನ್ನಾವರ ಅಂತಲೂ ಸೇರಿಸಿ ಹುಡುಕಿ, ಇಲ್ಲದಿದ್ದರೆ ಕೇರಳದ ಕಾಸರಗೋಡಿಗೆ ದಾರಿ ತೋರಿಸೀತು!

2020ರಲ್ಲಿ ಪಡುಬಿದ್ರಿಯ ಜೊತೆಗೇ ಇದಕ್ಕೂ ಬ್ಲೂ ಫ್ಲ್ಯಾಗ್, ಅಂದರೆ ಸ್ವಚ್ಛ, ಸುರಕ್ಷಿತ ಕಡಲತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ನೀಲಿ ಬಾವುಟಕ್ಕಿಂತ ನನಗೆ ಮುಖ್ಯ ಅನಿಸುವುದು ಜೀವರಕ್ಷಕರು, ಬಟ್ಟೆ ಬದಲಿಸುವ ಕೋಣೆ, ಶೌಚಾಲಯ. ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವವರಿಗೆ ಇದರ ಬೆಲೆ ಗೊತ್ತು.

ಹನ್ನೊಂದರ ಬಿಸಿಲಿಗೆ ಬರಬೇಡಿ, ಮರಳು ಕಾಲು ಸುಡುತ್ತದೆ. ಸಂಜೆ ನಾಲ್ಕಕ್ಕೆ ಬಂದರೆ ಸರಿ. ಡಿಸೆಂಬರಿನಲ್ಲಿ ಆರೂಕಾಲಿನ ಹೊತ್ತಿಗೆ ಸೂರ್ಯ ಮುಳುಗಿಬಿಡುತ್ತಾನೆ, ಅಷ್ಟರೊಳಗೆ ಮಕ್ಕಳು ನೀರಿನಿಂದ ಮೇಲೆ ಬಂದಿರಬೇಕು. ಮಳೆಗಾಲದಲ್ಲಿ ಬಂದರೆ ದಂಡೆಯಲ್ಲಿ ನಿಂತು ನೋಡಿ, ಅಷ್ಟೇ.

ಈಗ ನೀರಿನ ವಿಷಯ. ಇದೊಂದನ್ನು ನಾನು ನೆಂಟರಿಗೆ ಗದರಿಸಿಯೇ ಹೇಳುತ್ತೇನೆ. ಈಜಲು ಗುರುತು ಮಾಡಿದ ಜಾಗ ಬಿಟ್ಟು ಹೋಗಬೇಡಿ. ಮುಖ್ಯವಾಗಿ ಉತ್ತರಕ್ಕೆ, ಶರಾವತಿಯ ಅಳಿವೆಯ ಕಡೆ ನೀರಿಗೆ ಇಳಿಯಲೇಬೇಡಿ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಕಡಲಿಗೆ ನುಗ್ಗುವಾಗ ಅಲ್ಲಿ ಸೆಳೆತ ಜೋರು. ಇನ್ನೊಂದು, ಎರಡೂ ಬದಿ ಅಲೆ ಒಡೆಯುತ್ತಾ, ನಡುವೆ ಒಂದು ಪಟ್ಟಿ ಮಾತ್ರ ಸುಮ್ನೆ ಇದ್ದ ಹಾಗೆ ಕಂಡರೆ ಅದನ್ನು ನಂಬಬೇಡಿ. ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಅದರಲ್ಲಿ ಸಿಕ್ಕಿಕೊಂಡರೆ ದಡದತ್ತ ಸೆಣಸದೆ, ದಂಡೆಯ ಉದ್ದಕ್ಕೆ ಅಡ್ಡ ಈಜಿ ಹೊರಬರಬೇಕು. ಈಜು ಬರದ ಮಕ್ಕಳಿಗೆ ಮೊಣಕಾಲಿನ ನೀರು ಸಾಕು. ದೊಡ್ಡವರೊಬ್ಬರು ಪಕ್ಕದಲ್ಲೇ ನಿಲ್ಲಿ, ದಂಡೆಯ ಮೇಲೆ ಫೋನ್ ಹಿಡಿದು ಕೂತರೆ ಆಗದು.

ಅಜ್ಜ ಅಜ್ಜಿಯರನ್ನು ಗಾಳಿಮರಗಳ ನೆರಳಿನಲ್ಲಿ ಕೂರಿಸಿ. ಕುಡಿಯುವ ನೀರು, ಟೋಪಿ, ಒಂದು ಜೊತೆ ಒಣ ಬಟ್ಟೆ ಜೊತೆಗಿರಲಿ. ಒದ್ದೆ ಬಟ್ಟೆಗೆ ಚೀಲ ಮರೆಯುವವರೇ ಜಾಸ್ತಿ, ಆಮೇಲೆ ಕಾರಿನ ಸೀಟೆಲ್ಲ ಮರಳು.

ಚಳಿಗಾಲದಲ್ಲಿ ಈ ದಂಡೆಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬೇಲಿ ಕಟ್ಟಿದ ಮರಳು ಕಂಡರೆ ದೂರದಿಂದಲೇ ತೋರಿಸಿ.

ಸಮಯ ಉಳಿದಿದ್ದರೆ ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ನಡಿಗೆ ದಾರಿ ಇದೆ. ಮಕ್ಕಳಿಗೆ ಕೆಸರಿನ ಏಡಿ ಹುಡುಕುವುದೇ ಆಟ. ಅಪ್ಸರಕೊಂಡ ಜಲಪಾತವೂ ದೂರವಿಲ್ಲ, ಆದರೆ ಬೇಸಿಗೆಯಲ್ಲಿ ನೀರು ತೀರಾ ಕಡಿಮೆ. ಆಗ ಅದನ್ನು ಬಿಟ್ಟು, ಊರೊಳಗೆ ಬಂದು ಕೋಕಂ ಶರಬತ್ತು ಕುಡಿಯಿರಿ.